ಎಂಟು ವರ್ಷದ ಮಗಳಿಗೂ ಕ್ರೆಡಿಟ್ ಫ್ರೀಜ್ ಬೇಕಾ?

ಪ್ರಶ್ನೆ: ನಾವು ಟೆಕ್ಸಸ್‌ನ ಫ್ರಿಸ್ಕೊದಲ್ಲಿದ್ದೇವೆ. ಮಗಳಿಗೆ 8 ವರ್ಷ, ಇಲ್ಲೇ ಹುಟ್ಟಿದವಳು. ಮಗನಿಗೆ 14, ಬೆಂಗಳೂರಿನಲ್ಲಿ ಹುಟ್ಟಿದ್ದು, ಎಚ್-4 (ಅವಲಂಬಿತರ) ವೀಸಾದಲ್ಲಿದ್ದಾನೆ. ಶಾಲೆಗಳು ಬಳಸುವ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಮಕ್ಕಳ ಮಾಹಿತಿ ಸೋರಿದೆ ಎಂದು ಪತ್ರ ಬಂತು. ಎರಡು ವರ್ಷ ಪುಕ್ಕಟೆ ಮಾನಿಟರಿಂಗ್ ಅಂತ ಕೋಡ್ ಕೊಟ್ಟಿದ್ದಾರೆ. ಅದರ ಹಿಂದೆಯೇ ಮಗಳ ಹೆಸರಿಗೆ ಒಂದು ಕ್ರೆಡಿಟ್ ಕಾರ್ಡಿನ ಕಾಗದವೂ ಬಂತು! ಗೆಳತಿ 'ಮಗಳ ಕ್ರೆಡಿಟ್ ಫ್ರೀಜ್ ಮಾಡಿಸು' ಅಂತಾಳೆ. ನಮ್ಮ ಯಜಮಾನರು 'ಇಲ್ಲದ ಕ್ರೆಡಿಟ್ಟನ್ನ ಏನಂತ ಫ್ರೀಜ್ ಮಾಡ್ತೀಯ' ಅಂತ ನಗುತ್ತಾರೆ. ಯಾರು ಹೇಳುವುದು ಸರಿ? ಮುಂದೆ ಅವಳ ಕಾಲೇಜು ಸಾಲಕ್ಕೆ ಇದರಿಂದ ತೊಂದರೆ ಆಗುತ್ತದಾ? ಒಂದೆರಡು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆಯೂ ಇದೆ. ಹಾಗಿದ್ದರೂ ಇದೆಲ್ಲ ಬೇಕಾ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಮಗಳದನ್ನು ಫ್ರೀಜ್ ಮಾಡಿಸಿ, ಮೂರೂ ಕ್ರೆಡಿಟ್ ಕಂಪನಿಗಳಲ್ಲಿ. ಅಂಚೆ ಖರ್ಚು ಬಿಟ್ಟರೆ ದುಡ್ಡು ಬೇಕಿಲ್ಲ. ಒಂದು ಭಾನುವಾರದ ಮಧ್ಯಾಹ್ನ ಕೂತು ಝೆರಾಕ್ಸ್ ಮಾಡುವ ಕೆಲಸ, ಅಷ್ಟೇ. ಆದರೆ ನಿಮ್ಮ ಯಜಮಾನರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬ್ಯಾಂಕಿನ ವಂಚನೆ ತಡೆ ವಿಭಾಗದಲ್ಲಿ ಕೆಲಸ ಮಾಡಿದ ನನಗೆ ಅಪ್ಪ ಅಮ್ಮಂದಿರಿಂದ ಅತಿ ಹೆಚ್ಚು ಬಂದಿರುವ ಪ್ರಶ್ನೆ ಅದೇ. ಅದಕ್ಕೆ ಮೊದಲು ಉತ್ತರ ಕೊಟ್ಟರೆ ಉಳಿದದ್ದು ಸುಲಭ.

ಅಮೆರಿಕದಲ್ಲಿ ಜನರ ಸಾಲದ ಲೆಕ್ಕ ಇಟ್ಟುಕೊಳ್ಳುವ ದೊಡ್ಡ ಕಂಪನಿಗಳು ಮೂರು: ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. (ಊರಲ್ಲಿ ಸಿಬಿಲ್ ಸ್ಕೋರ್ ಅಂತೀವಲ್ಲ, ಆ ಸಿಬಿಲ್ ಈಗ ಇದೇ ಟ್ರಾನ್ಸ್‌ಯೂನಿಯನ್ ಕೈಯಲ್ಲಿದೆ.) ಫ್ರೀಜ್ ಎಂದರೆ, ಹೊಸದಾಗಿ ಸಾಲ ಕೊಡಲು ಬಂದವರಿಗೆ ನನ್ನ ಫೈಲ್ ತೋರಿಸಬೇಡಿ ಎಂದು ಈ ಕಂಪನಿಗಳಿಗೆ ಹೇಳುವುದು. ಫೈಲ್ ನೋಡದೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲವನ್ನೂ ಕೊಡುವುದಿಲ್ಲ, ಕಾರ್ಡನ್ನೂ ಕೊಡುವುದಿಲ್ಲ. ಕಳ್ಳನ ಅರ್ಜಿ ಅಲ್ಲೇ ನಿಲ್ಲುತ್ತದೆ.

8 ವರ್ಷದ ಹುಡುಗಿಗೆ ಫೈಲೇ ಇರುವುದಿಲ್ಲ, ನಿಜ. ಇಲ್ಲದಿರುವುದೇ ಇಲ್ಲಿ ತೊಂದರೆ. ದೊಡ್ಡವರ ಸೋಷಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್, ಅಮೆರಿಕ ಸರ್ಕಾರ ಕೊಡುವ ಗುರುತಿನ ನಂಬರ್) ಕದ್ದು ಯಾರಾದರೂ ಸಾಲ ತೆಗೆದರೆ ಅವರಿಗೆ ಒಂದೆರಡು ತಿಂಗಳಲ್ಲಿ ಗೊತ್ತಾಗುತ್ತದೆ. ಕಾರ್ಡ್ ಅರ್ಜಿ ತಿರಸ್ಕಾರ ಆಗುತ್ತದೆ, ಸ್ಕೋರ್ ಬೀಳುತ್ತದೆ, ವಸೂಲಿಯವರ ಫೋನ್ ಬರುತ್ತದೆ. ಮಗುವಿನ ವಿಷಯದಲ್ಲಿ ನೋಡುವವರೇ ಇಲ್ಲ. ಊರಿನ ಜಮೀನಿನ ಪಹಣಿಯನ್ನು ಹತ್ತು ವರ್ಷ ತೆಗೆದು ನೋಡದಿದ್ದರೆ ಅದರಲ್ಲಿ ಇನ್ಯಾರದೋ ಹೆಸರು ಕೂತಿರುತ್ತದಲ್ಲ, ಹಾಗೆ. ಹುಡುಗಿ 18ಕ್ಕೆ ಮೊದಲ ಕಾರ್ಡಿಗೋ ಬಾಡಿಗೆ ಮನೆಗೋ ಅರ್ಜಿ ಹಾಕಿದಾಗ ಹಳೆಯ ಸಾಲ ಹೊರಗೆ ಬರುತ್ತದೆ. ಅಷ್ಟರಲ್ಲಿ ಸಾಲ ತೆಗೆದವನು ನಾಪತ್ತೆ.

ಇದೆಲ್ಲ ಇಷ್ಟು ಸುಲಭ ಯಾಕೆ ಅಂದರೆ, ಸೋಷಿಯಲ್ ಸೆಕ್ಯುರಿಟಿ ನಂಬರ್‌ಗೆ ಕಾವಲೇ ಇಲ್ಲ. ನಮಗೆ ಆಧಾರ್ ಗೊತ್ತು. ಅದಕ್ಕೆ ಫೋಟೋ ಇದೆ, ಬೆರಳಚ್ಚು ಇದೆ, ಮೊಬೈಲಿಗೆ ಒಟಿಪಿ ಬರುತ್ತದೆ, ಬೇಕಾದರೆ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಎಸ್‌ಎಸ್‌ಎನ್ ಅಂದರೆ ಬರೀ 9 ಅಂಕಿ, ಒಂದು ಕಾಗದದ ಕಾರ್ಡು. ಅದರಲ್ಲಿ ಫೋಟೋ ಕೂಡ ಇಲ್ಲ. ನಿಮ್ಮ ಮಗಳಿಗೆ ಅದು ಸಿಕ್ಕಿದ್ದು ಬಹುಶಃ ಆಸ್ಪತ್ರೆಯಲ್ಲೇ, ಜನನ ನೋಂದಣಿಯ ಫಾರ್ಮ್‌ನಲ್ಲಿ ನೀವು ಒಂದು ಟಿಕ್ ಹಾಕಿದ್ದಕ್ಕೆ. ಅಲ್ಲಿಂದ ಆ ನಂಬರ್ ಮಕ್ಕಳ ಡಾಕ್ಟರ ಕಚೇರಿಗೆ, ಇನ್ಶೂರೆನ್ಸ್ ಕಂಪನಿಗೆ, ಟ್ಯಾಕ್ಸ್ ಮಾಡುವವರಿಗೆ, ಕೆಲವು ಕಡೆ ಶಾಲೆಗೂ ಹೋಗಿ ಕೂತಿದೆ.

ಈ ಜಾಗಗಳು ಸೋರಿದ ಚರಿತ್ರೆ ದೊಡ್ಡದು. 2015ರಲ್ಲಿ ಆಂಥೆಮ್ ಇನ್ಶೂರೆನ್ಸ್ ಕಂಪನಿಯಿಂದ ಸುಮಾರು 7.9 ಕೋಟಿ ಜನರ ಮಾಹಿತಿ ಹೋಯಿತು. ಪಾಲಿಸಿಯಲ್ಲಿ ಹೆಸರಿದ್ದ ಮಕ್ಕಳೂ ಅದರಲ್ಲಿದ್ದರು. 2024ರ ಡಿಸೆಂಬರ್‌ನಲ್ಲಿ ಪವರ್‌ಸ್ಕೂಲ್ ಎಂಬ, ಉತ್ತರ ಅಮೆರಿಕದ ಸಾವಿರಾರು ಶಾಲೆಗಳು ಬಳಸುವ ಸಾಫ್ಟ್‌ವೇರ್‌ಗೆ ಕದ್ದ ಪಾಸ್‌ವರ್ಡ್ ಹಿಡಿದು ಒಬ್ಬ ನುಗ್ಗಿದ. ಸಿಕ್ಕಿಬಿದ್ದವನು ಮ್ಯಾಸಚೂಸೆಟ್ಸ್‌ನ 19 ವರ್ಷದ ಕಾಲೇಜು ಹುಡುಗ. ಡೇಟಾ ಅಳಿಸುತ್ತಾರೆಂದು ನಂಬಿ ಕಂಪನಿ ದುಡ್ಡು ಕೊಟ್ಟಿತು. ಆದರೆ ಕೆಲವೇ ತಿಂಗಳಲ್ಲಿ ಅದೇ ಡೇಟಾ ತೋರಿಸಿ ಶಾಲಾ ಜಿಲ್ಲೆಗಳಿಗೆ ಬೆದರಿಕೆ ಬಂತು. ನಿಮ್ಮ ಪತ್ರ ಯಾವ ಕಂಪನಿಯದು ಎಂದು ನೀವು ಹೇಳಿಲ್ಲ, ಅದು ಬೇಕಾಗಿಯೂ ಇಲ್ಲ. ಆ ಪತ್ರದಲ್ಲಿ ನೋಡಬೇಕಾದ ಸಾಲು ಒಂದೇ: ಸೋರಿದ್ದರಲ್ಲಿ ಎಸ್‌ಎಸ್‌ಎನ್ ಇತ್ತೇ, ಇಲ್ಲವೇ? ಇರಲಿಲ್ಲ ಎಂದು ಬರೆದಿದ್ದರೂ ನಾನು ಫ್ರೀಜ್ ಮಾಡಿಸಿ ಅಂತಲೇ ಹೇಳುತ್ತೇನೆ. ಯಾಕೆಂದರೆ ಮುಂದಿನ ಪತ್ರ ಇನ್ಯಾವುದೋ ಕಂಪನಿಯಿಂದ ಬರುತ್ತದೆ.

ಮಕ್ಕಳ ನಂಬರ್ ಕಳ್ಳರಿಗೆ ಯಾಕೆ ಇಷ್ಟ ಎಂಬುದನ್ನೂ ತಿಳಿದುಕೊಳ್ಳಿ. ಮಗುವಿನ ಹೆಸರೇ ಹಾಕಿ ಸಾಲ ತೆಗೆದರೆ 8 ವರ್ಷದ ವಯಸ್ಸು ಕಂಡು ಅರ್ಜಿ ಬೀಳುತ್ತದೆ. ಹಾಗಾಗಿ ನಂಬರ್ ಮಗುವಿನದು, ಹೆಸರು ಇನ್ಯಾರದೋ, ಹುಟ್ಟಿದ ತಾರೀಕು ಕಟ್ಟುಕಥೆ, ಹೀಗೆ ಬೆರೆಸಿ ಭೂಮಿಯ ಮೇಲಿಲ್ಲದ ಒಬ್ಬ ಮನುಷ್ಯನನ್ನು ಹುಟ್ಟಿಸುತ್ತಾರೆ. ಇದನ್ನು ಸಿಂಥೆಟಿಕ್ ವಂಚನೆ ಅಂತಾರೆ. ಮೊದಲ ಅರ್ಜಿ ತಿರಸ್ಕಾರ ಆಗುತ್ತದೆ. ಆದರೆ ಬ್ಯಾಂಕು ವಿಚಾರಿಸಿದ್ದರಿಂದಲೇ ಆ ಹೆಸರಿಗೊಂದು ಫೈಲ್ ಹುಟ್ಟಿಬಿಡುತ್ತದೆ! ಆಮೇಲೆ ಚಿಕ್ಕ ಮಿತಿಯ ಒಂದು ಕಾರ್ಡು. ವರ್ಷಗಟ್ಟಲೆ ಸರಿಯಾಗಿ ಕಟ್ಟಿ, ಮಿತಿ ಏರಿಸಿಕೊಂಡು, ಒಂದು ದಿನ ಪೂರ್ತಿ ಬಳಿದುಕೊಂಡು ಹೋಗುತ್ತಾರೆ. ಇದಕ್ಕೆ ತಾಳ್ಮೆ ಬೇಕು. ಹತ್ತು ವರ್ಷ ಯಾರೂ ಕೇಳದ ನಂಬರ್ ಬೇಕು. ಮಕ್ಕಳದು ಅಂಥದ್ದೇ.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಮೊದಲೆಲ್ಲ ಎಸ್‌ಎಸ್‌ಎನ್‌ನ ಮೊದಲ ಮೂರು ಅಂಕಿ ನೋಡಿದರೆ ಯಾವ ರಾಜ್ಯದಲ್ಲಿ ಕೊಟ್ಟದ್ದು ಗೊತ್ತಾಗುತ್ತಿತ್ತು, ಸುಮಾರು ಯಾವ ಕಾಲದ್ದು ಎಂದೂ ಊಹಿಸಬಹುದಿತ್ತು. 40 ವರ್ಷದವನೆಂದು ಹೇಳಿಕೊಳ್ಳುವವನ ನಂಬರ್ ಹೋದ ವರ್ಷ ಕೊಟ್ಟದ್ದಾಗಿದ್ದರೆ ಬ್ಯಾಂಕಿಗೆ ಅನುಮಾನ ಬರುತ್ತಿತ್ತು. 2011ರ ಜೂನ್ 25ರಿಂದ ನಂಬರುಗಳನ್ನು ಯಾದೃಚ್ಛಿಕವಾಗಿ, ಅಂದರೆ ಯಾವ ಕ್ರಮವೂ ಇಲ್ಲದೆ ಕೊಡಲು ಶುರು ಮಾಡಿದರು. ಉದ್ದೇಶ ಒಳ್ಳೆಯದೇ, ಅಂಕಿ ಊಹಿಸಿ ಕದಿಯುವುದನ್ನು ತಪ್ಪಿಸುವುದು. ಆದರೆ ನಂಬರ್ ನೋಡಿ ವಯಸ್ಸು ಅಂದಾಜು ಮಾಡುವ ದಾರಿಯೂ ಅದರ ಜೊತೆ ಮುಚ್ಚಿತು. ನಿಮ್ಮ ಮಗಳ ನಂಬರ್ ಈ ಹೊಸ ಕ್ರಮದ್ದು.

ಅಂಕಿ ಅಂಶ ಕೇಳುವವರಿಗೆ: 2011ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸೈಲ್ಯಾಬ್ ಒಂದು ವರದಿ ಹೊರತಂದಿತು. 40 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಶೇ. 10.2ರಷ್ಟು ಮಕ್ಕಳ ನಂಬರನ್ನು ಬೇರೆಯವರು ಬಳಸಿದ್ದರು ಎಂದು ಅದು ಹೇಳುತ್ತದೆ. ಇದನ್ನು ಹಿಡಿದು 'ಹತ್ತರಲ್ಲಿ ಒಂದು ಮಗು' ಎಂದು ಹೆದರಿಸುವವರು ಬಹಳ. ನನಗೆ ಅದು ಸರಿ ಅನ್ನಿಸುವುದಿಲ್ಲ. ಆ ಮಕ್ಕಳು ಒಂದು ರಕ್ಷಣಾ ಸೇವೆಗೆ ಸೇರಿದವರು, ಇಡೀ ದೇಶದ ಮಾದರಿ ಅಲ್ಲ. ಅಪಾಯ ಇದೆ ಎನ್ನುವುದಕ್ಕೆ ಅದು ಸಾಕ್ಷಿ. ನಿದ್ದೆ ಕೆಡಿಸಿಕೊಳ್ಳಲು ಕಾರಣ ಅಲ್ಲ.

ಈಗ ಫ್ರೀಜ್ ಹೇಗೆ ಎನ್ನುವುದಕ್ಕೆ ಬರೋಣ. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದಲೇ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. ಕಾವಲುಗಾರನ ಮನೆಯಲ್ಲೇ ಕಳ್ಳತನ! ಆ ಗಲಾಟೆಯ ನಂತರ 2018ರ ಮೇ ತಿಂಗಳಲ್ಲಿ ಒಂದು ಫೆಡರಲ್ ಕಾನೂನು ಬಂತು, ಆ ವರ್ಷದ ಸೆಪ್ಟೆಂಬರ್ 21ರಿಂದ ಜಾರಿಯಾಯಿತು. ಅದಕ್ಕೂ ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಹಲವು ಕಡೆ ಶುಲ್ಕ. ಈಗ ಎಲ್ಲ ರಾಜ್ಯದಲ್ಲೂ ಉಚಿತ. 16 ವರ್ಷದೊಳಗಿನ ಮಕ್ಕಳ ಪರವಾಗಿ ಅಪ್ಪ, ಅಮ್ಮ ಅಥವಾ ಕಾನೂನಿನ ಪ್ರಕಾರ ಪೋಷಕರಾದವರು ಕೇಳಬಹುದು. ಇಬ್ಬರೂ ಸಹಿ ಹಾಕಬೇಕಿಲ್ಲ, ಒಬ್ಬರು ಸಾಕು. ಮಗುವಿಗೆ ಫೈಲ್ ಇಲ್ಲದಿದ್ದರೆ ಕಂಪನಿಯೇ ಒಂದು ದಾಖಲೆ ತೆರೆದು, ತೆರೆದಲ್ಲೇ ಅದನ್ನು ಫ್ರೀಜ್ ಮಾಡಬೇಕು. ಸಾಲಕ್ಕೆ ಅರ್ಹತೆ ಅಳೆಯಲು ಆ ದಾಖಲೆ ಬಳಸುವಂತಿಲ್ಲ. ನಿಮ್ಮ ಯಜಮಾನರ ಪ್ರಶ್ನೆಗೆ ಉತ್ತರ ಇದೇ.

ದೊಡ್ಡವರು ಫ್ರೀಜ್ ಮಾಡುವುದು ಆನ್‌ಲೈನ್‌ನಲ್ಲಿ ಕೆಲವು ನಿಮಿಷದ ಕೆಲಸ. ನೀವಿಬ್ಬರೂ ಇನ್ನೂ ಮಾಡಿಲ್ಲದಿದ್ದರೆ ಇವತ್ತೇ ಮಾಡಿ. ಮಕ್ಕಳದು ಹಾಗಲ್ಲ, ಅದು ಮುಖ್ಯವಾಗಿ ಅಂಚೆಯಲ್ಲೇ ನಡೆಯುತ್ತದೆ. ಮೂರು ಕಂಪನಿಗಳಿಗೂ ಬೇರೆ ಬೇರೆ ಲಕೋಟೆ. ಒಂದಕ್ಕೆ ಕಳಿಸಿದರೆ ಅದು ಉಳಿದ ಎರಡಕ್ಕೆ ತಿಳಿಸುವುದಿಲ್ಲ. ಅವರವರ ವೆಬ್‌ಸೈಟ್‌ನಲ್ಲಿ ಮಕ್ಕಳ ಫ್ರೀಜ್‌ಗೆ ಬೇರೆ ಪುಟ, ಬೇರೆ ವಿಳಾಸ ಇರುತ್ತದೆ. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಒತ್ತಬೇಡಿ. ಎಕ್ಸ್‌ಪೀರಿಯನ್‌ನ ಅಂಚೆ ಪೆಟ್ಟಿಗೆ ಇರುವುದು ಅಲೆನ್‌ನಲ್ಲಿ, ನಿಮ್ಮ ಊರಿನ ಪಕ್ಕದಲ್ಲೇ. ಹಾಗಂತ ಕಾರು ಹತ್ತಿ ಹೋಗಬೇಡಿ, ಅಲ್ಲಿ ಕೌಂಟರ್ ಇಲ್ಲ.

ಲಕೋಟೆಯಲ್ಲಿ ಇಡಬೇಕಾದದ್ದು ಹೆಚ್ಚುಕಡಿಮೆ ಇಷ್ಟು. ಮಗಳ ಜನನ ಪ್ರಮಾಣ ಪತ್ರ ಮತ್ತು ಎಸ್‌ಎಸ್‌ಎನ್ ಕಾರ್ಡಿನ ನಕಲು. ನಿಮ್ಮ ಡ್ರೈವಿಂಗ್ ಲೈಸೆನ್ಸ್ ಮತ್ತು ನಿಮ್ಮ ಎಸ್‌ಎಸ್‌ಎನ್ ಕಾರ್ಡಿನ ನಕಲು. ವಿಳಾಸಕ್ಕೆ ಇತ್ತೀಚಿನ ಕರೆಂಟ್ ಬಿಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟೋ. ಅವರ ಫಾರ್ಮ್ ಇದ್ದರೆ ಫಾರ್ಮ್, ಜೊತೆಗೊಂದು ಸಹಿ ಮಾಡಿದ ಪತ್ರ. ಮೂಲ ಪ್ರತಿ ಯಾವುದನ್ನೂ ಕಳಿಸಬೇಡಿ. ಇಷ್ಟೆಲ್ಲ ಒಂದೇ ಲಕೋಟೆಯಲ್ಲಿ ಹೋಗುವುದರಿಂದ ಸರ್ಟಿಫೈಡ್ ಮೇಲ್‌ನಲ್ಲಿ, ತಲುಪಿದ ರಸೀದಿ ಬರುವ ಹಾಗೆ ಕಳಿಸಿ. ಮನೆ ಮುಂದಿನ ಡಬ್ಬಿಗೆ ಹಾಕಿ ಬಾವುಟ ಎತ್ತಬೇಡಿ, ಪೋಸ್ಟ್ ಆಫೀಸಿಗೇ ಹೋಗಿ ಕೊಡಿ.

ನಮ್ಮವರ ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಹೆಸರಿನ ವಿಷಯಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಮಗಳ ಕೊನೆಯ ಹೆಸರು ಅಪ್ಪನ ಹೆಸರು. ಅಪ್ಪನ ಕೊನೆಯ ಹೆಸರು ತಾತನದೋ ಊರಿನದೋ. ಅಮ್ಮನದು ಅವಳ ಅಪ್ಪನ ಹೆಸರು, ಇಲ್ಲವೇ ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಬದಲಾದದ್ದು. ಒಂದೇ ಮನೆಯ ಮೂವರಿಗೆ ಮೂರು ಸರ್‌ನೇಮ್! ಕೆಲವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಲೈಸೆನ್ಸಿನಲ್ಲಿ ಬರೀ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಮೂರಕ್ಷರ ಮುಂದೆ ಕೂತಿರುತ್ತದೆ. ಲಕೋಟೆ ಒಡೆದು ನೋಡುವವರಿಗೆ ಇದ್ಯಾವುದೂ ಅರ್ಥವಾಗುವುದಿಲ್ಲ. ಅವರು ನೋಡುವುದು ಒಂದೇ: ಜನನ ಪತ್ರದಲ್ಲಿ ತಾಯಿ ಅಥವಾ ತಂದೆ ಎಂದು ಬರೆದ ಹೆಸರು ಲೈಸೆನ್ಸಿನ ಹೆಸರಿಗೆ ಹೊಂದುತ್ತದೆಯೇ?

ಹಾಗಾಗಿ ನಿಮ್ಮಿಬ್ಬರಲ್ಲಿ ಯಾರ ಹೆಸರು ಅಕ್ಷರ ಅಕ್ಷರ ಹೊಂದುತ್ತದೋ ಅವರೇ ಅರ್ಜಿ ಹಾಕಿ. ಇಬ್ಬರದೂ ಹೊಂದದಿದ್ದರೆ ಪಾಸ್‌ಪೋರ್ಟ್ ನಕಲು ಇಡಿ. ಹೆಸರು ಬದಲಾಗಿದ್ದರೆ ಮದುವೆ ಪ್ರಮಾಣ ಪತ್ರದ ನಕಲು ಇಡಿ. ಈ ಎರಡು ಹೆಸರೂ ಒಬ್ಬರದೇ ಎಂದು ಪತ್ರದಲ್ಲಿ ಒಂದು ಸಾಲು ಬರೆಯಿರಿ. ಇನ್ನೊಂದು ಮಾತು. ಟೆಕ್ಸಸ್‌ನಲ್ಲಿ ಜನನ ಪ್ರಮಾಣ ಪತ್ರ ಗಿಡ್ಡದು, ಉದ್ದದು ಅಂತ ಎರಡು ರೀತಿ ಸಿಗುತ್ತದೆ. ನಿಮಗೆ ಬೇಕಾದ್ದು ಉದ್ದದ್ದು, ಅಪ್ಪ ಅಮ್ಮನ ವಿವರ ಪೂರ್ತಿ ಇರುವುದು. ಈ ಕಾಗದ ಇಲ್ಲಿ ನಿಮ್ಮ ಅಧಿಕಾರಕ್ಕೆ ಸಾಕ್ಷಿ. ಮಗುವಿನ ವಯಸ್ಸು ತೋರಿಸುವುದು ಅದರ ಕೆಲಸದಲ್ಲಿ ಅರ್ಧ ಮಾತ್ರ.

ದಾಖಲೆ ಸರಿಯಿದ್ದರೆ, ಅಂಚೆ ಕೈಸೇರಿದ 3 ಕೆಲಸದ ದಿನದೊಳಗೆ ಫ್ರೀಜ್ ಮಾಡಬೇಕು ಎನ್ನುತ್ತದೆ ಕಾನೂನು. ಖಚಿತಪಡಿಸುವ ಕಾಗದ ನಿಮ್ಮ ಕೈಗೆ ಬರಲು ಇನ್ನಷ್ಟು ದಿನ ಹಿಡಿಯುತ್ತದೆ. ಅದನ್ನು, ಪಿನ್ ಕೊಟ್ಟಿದ್ದರೆ ಪಿನ್ ಸಮೇತ, ಮಗಳ ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಇಡಿ. ತಿಂಗಳಾದರೂ ಉತ್ತರ ಬಾರದಿದ್ದರೆ ಫೋನ್ ಮಾಡಿ, ರಸೀದಿಯ ತಾರೀಕು ಹೇಳಿ.

ಇನ್ನು ಆ ಕ್ರೆಡಿಟ್ ಕಾರ್ಡ್ ಕಾಗದ. ಗಾಬರಿಯಾಗುವ ಮೊದಲು ಅದನ್ನು ಮತ್ತೊಮ್ಮೆ ಓದಿ. ಬೆಂಗಳೂರಿಗೆ ಹೋಗಿ ಬರುವಾಗ ಮಗಳ ಹೆಸರಲ್ಲಿ ಏರ್‌ಲೈನ್ಸ್‌ನ ಮೈಲೇಜ್ ಖಾತೆ ಮಾಡಿಸಿದ್ದೀರಾ? ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕಾರ್ಡಿನ ಕಾಗದ ಬರುವುದು ಅಲ್ಲಿಂದಲೇ. ಏರ್‌ಲೈನ್ಸ್ ತನ್ನ ಸದಸ್ಯರ ಪಟ್ಟಿಗೆ ಕಳಿಸಿರುತ್ತದೆ, ವಯಸ್ಸು ನೋಡಿರುವುದಿಲ್ಲ. ಅದು ಬರೀ ಜಾಹೀರಾತು. ಆದರೆ ಕಾಗದದಲ್ಲಿ ಮೊದಲೇ ಆಯ್ಕೆಯಾಗಿದ್ದೀರಿ, ಪ್ರೀಸ್ಕ್ರೀನ್ಡ್ ಎಂದು ಇದ್ದು, ಇಂಥ ಕಾಗದ ಬೇಡವಾದರೆ ಹೀಗೆ ಮಾಡಿ ಎಂಬ ಸೂಚನೆಯೂ ಇದ್ದರೆ ಕಥೆ ಬೇರೆ. ಕ್ರೆಡಿಟ್ ಕಂಪನಿಯ ಪಟ್ಟಿಯಿಂದ ಹೆಸರು ತೆಗೆದು ಕಳಿಸುವ ಕಾಗದಗಳಿಗೆ ಆ ಸೂಚನೆ ಕಾನೂನಿನಂತೆ ಕಡ್ಡಾಯ. ಅಂದರೆ ಮಗಳ ಹೆಸರಿನಲ್ಲಿ ಎಲ್ಲೋ ಒಂದು ಫೈಲ್ ಇರಬಹುದು.

ಅದಕ್ಕೂ ನಿರಪಾಯದ ಕಾರಣ ಒಂದಿದೆ. ಮಕ್ಕಳಿಗೆ ಈಗಿನಿಂದಲೇ ಸ್ಕೋರ್ ಬೆಳೆಯಲಿ ಅಂತ ಅಪ್ಪಂದಿರು ತಮ್ಮ ಕಾರ್ಡಿಗೆ ಮಗುವನ್ನು ಆಥರೈಸ್ಡ್ ಯೂಸರ್ ಮಾಡಿರುತ್ತಾರೆ. ಅಮ್ಮನಿಗೆ ಹೇಳಿರುವುದೇ ಇಲ್ಲ! ಮೊದಲು ಯಜಮಾನರನ್ನು ಕೇಳಿ.

ಅದೂ ಅಲ್ಲವಾದರೆ, ಫ್ರೀಜ್ ಪತ್ರದ ಜೊತೆ ಇನ್ನೊಂದು ಪತ್ರ ಬರೆಯಿರಿ: ಈ ನಂಬರ್‌ಗೆ ಯಾವುದಾದರೂ ಫೈಲ್ ಇದೆಯೇ, ಮ್ಯಾನುವಲ್ ಸರ್ಚ್ ಮಾಡಿ ತಿಳಿಸಿ ಎಂದು. ಬರೀ ಹೆಸರು, ಹುಟ್ಟಿದ ತಾರೀಕು ಹಿಡಿದು ಹುಡುಕಿದರೆ ಏನೂ ಸಿಗದಿರಬಹುದು. ಮೇಲೆ ಹೇಳಿದೆನಲ್ಲ, ನಂಬರ್ ಮಾತ್ರ ಮಗಳದು, ಹೆಸರು ಬೇರೆಯವರದು. ಹಾಗಾಗಿ ನಂಬರ್ ಹಿಡಿದೇ ಹುಡುಕಿ ಎಂದು ಸ್ಪಷ್ಟವಾಗಿ ಬರೆಯಿರಿ.

ನಿಜವಾಗಿಯೂ ಯಾರದೋ ಸಾಲ ಸಿಕ್ಕಿದರೆ, ಫೆಡರಲ್ ಟ್ರೇಡ್ ಕಮಿಷನ್ನಿನ ಐಡೆಂಟಿಟಿಥೆಫ್ಟ್ ಡಾಟ್ ಗವ್ ತಾಣದಲ್ಲಿ ದೂರು ದಾಖಲಿಸಿ. ಅಲ್ಲಿ ಸಿಗುವ ವರದಿಯ ಪ್ರತಿ ಇಟ್ಟು ಸಾಲ ಕೊಟ್ಟ ಕಂಪನಿಗೆ ಬರೆಯಿರಿ, ಮೂರು ಕ್ರೆಡಿಟ್ ಕಂಪನಿಗೂ ಬರೆಯಿರಿ. ವರದಿ ಮತ್ತು ಗುರುತಿನ ದಾಖಲೆ ಕೈಸೇರಿದ 4 ಕೆಲಸದ ದಿನದೊಳಗೆ ಕ್ರೆಡಿಟ್ ಕಂಪನಿಗಳು ಆ ವಂಚನೆಯ ವಿವರ ಫೈಲಿನಲ್ಲಿ ಕಾಣದಂತೆ ತಡೆಹಿಡಿಯಬೇಕು. ಮಕ್ಕಳ ವಿಷಯದಲ್ಲಿ ವಾದ ಸುಲಭ. 8 ವರ್ಷದ ಮಗು ಸಾಲದ ಒಪ್ಪಂದಕ್ಕೆ ಸಹಿ ಹಾಕಲು ಆಗುವುದಿಲ್ಲ, ಜನನ ಪತ್ರವೇ ಸಾಕ್ಷಿ.

ಫ್ರೀಜ್ ಮಾಡಿಸಿದ ಮೇಲೆ ಎಲ್ಲ ಮುಗಿಯಿತು ಅಂತ ಮಾತ್ರ ಅಂದುಕೊಳ್ಳಬೇಡಿ. ಸಿಂಥೆಟಿಕ್ ವಂಚನೆಯಲ್ಲಿ ಹೆಸರು ಬೇರೆ ಇರುವುದರಿಂದ, ಆ ಅರ್ಜಿ ಮಗಳ ಫ್ರೀಜ್‌ಗೆ ತಾಗದೆ ಪಕ್ಕದಲ್ಲೇ ದಾಟಿ ಹೋಗುವ ಸಾಧ್ಯತೆ ಇದೆ. ಇದಕ್ಕೂ 2018ರ ಅದೇ ಕಾನೂನಿನಲ್ಲಿ ಒಂದು ವ್ಯವಸ್ಥೆ ಇದೆ. ಹೆಸರು, ಹುಟ್ಟಿದ ತಾರೀಕು, ನಂಬರ್ ಮೂರೂ ಹೊಂದುತ್ತವೆಯೇ ಎಂದು ಬ್ಯಾಂಕುಗಳು ಗ್ರಾಹಕರ ಒಪ್ಪಿಗೆ ಪಡೆದು ಸೋಷಿಯಲ್ ಸೆಕ್ಯುರಿಟಿ ಇಲಾಖೆಯನ್ನೇ ಆನ್‌ಲೈನ್‌ನಲ್ಲಿ ಕೇಳಬಹುದು. 2020ರಿಂದ ಅದು ನಡೆಯುತ್ತಿದೆ. ಆದರೆ ಕೇಳಲೇಬೇಕು ಎಂಬ ಕಡ್ಡಾಯ ಇಲ್ಲ. ಕ್ರೆಡಿಟ್ ಫೈಲ್ ನೋಡದೆ ನಡೆಯುವ ವಂಚನೆಗಳೂ ಇವೆ. ಮಗುವಿನ ಇನ್ಶೂರೆನ್ಸ್‌ನಲ್ಲಿ ಬೇರೆಯವರು ಚಿಕಿತ್ಸೆ ಪಡೆಯುವುದು, ಅವಳ ನಂಬರ್ ಕೊಟ್ಟು ಕೆಲಸಕ್ಕೆ ಸೇರುವುದು, ಸರ್ಕಾರದ ನೆರವು ಪಡೆಯುವುದು. ಇವಕ್ಕೆ ಫ್ರೀಜ್ ಅಡ್ಡ ಬರುವುದಿಲ್ಲ.

ಇವುಗಳಲ್ಲಿ ನಿಮ್ಮ ಕೈಯಲ್ಲಿ ತಡೆಯಲು ಆಗುವುದು ಟ್ಯಾಕ್ಸ್. ನಿಮ್ಮ ಮಗಳನ್ನು ಬೇರೆ ಯಾರೋ ತಮ್ಮ ಡಿಪೆಂಡೆಂಟ್ ಎಂದು ತೋರಿಸಿ ಮೊದಲೇ ರಿಟರ್ನ್ ಹಾಕಿಬಿಟ್ಟರೆ ನಿಮ್ಮದು ತಿರಸ್ಕಾರ ಆಗುತ್ತಿತ್ತು, ಕಾಗದದಲ್ಲಿ ಕಳಿಸಬೇಕಾಗುತ್ತಿತ್ತು. 2025ರ ಫೈಲಿಂಗ್ ಕಾಲದಿಂದ, ರಿಟರ್ನ್ ಹಾಕುವ ಮುಖ್ಯ ವ್ಯಕ್ತಿಯ ಬಳಿ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕೊಡುವ 6 ಅಂಕಿಯ ಐಪಿ ಪಿನ್ ಇದ್ದರೆ ಅಂಥ ರಿಟರ್ನ್ ಕೂಡ ಆನ್‌ಲೈನ್‌ನಲ್ಲೇ ಹೋಗುತ್ತದೆ. ಹಾಗಾಗಿ ಮೊದಲು ನೀವಿಬ್ಬರೂ ಐಪಿ ಪಿನ್ ತೆಗೆದುಕೊಳ್ಳಿ. ಮಗಳಿಗೂ ಪಡೆಯಬಹುದು, ಆದರೆ ಆನ್‌ಲೈನ್‌ನಲ್ಲಿ ಅಲ್ಲ. ಫಾರ್ಮ್ 15227 ಹಾಕಬೇಕು, ಅದಕ್ಕೆ ಆದಾಯದ ಮಿತಿ ಇದೆ. ಇಲ್ಲವೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಐಆರ್‌ಎಸ್ ಕಚೇರಿಗೆ ಹೋಗಬೇಕು. ಈ ಪಿನ್ ವರ್ಷ ವರ್ಷ ಬದಲಾಗುತ್ತದೆ ಎಂಬುದು ನೆನಪಿರಲಿ.

ಟ್ಯಾಕ್ಸ್ ಅಂದಾಗ ಒಂದು ಮಾತು ಹೇಳದೆ ಇರಲಾರೆ. ಜನವರಿ ಬಂತೆಂದರೆ 'ಸಾರ್, ನಿಮ್ಮ ಟ್ಯಾಕ್ಸ್ ನಾವು ಫೈಲ್ ಮಾಡ್ತೀವಿ' ಅಂತ ನಮ್ಮವರಿಗೇ ಹುಡುಕಿ ಫೋನ್ ಮಾಡುವವರಿದ್ದಾರೆ. ಕಡಿಮೆ ದುಡ್ಡು, ಜಾಸ್ತಿ ರೀಫಂಡ್ ಎಂಬ ಮಾತು. ಜನ ಇಡೀ ಮನೆಯವರ ಎಸ್‌ಎಸ್‌ಎನ್ ಕಾರ್ಡಿನ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ! ಅದು ಯಾರ ಫೋನಿನಲ್ಲಿ, ಎಷ್ಟು ವರ್ಷ ಇರುತ್ತದೆ? ದುಡ್ಡು ತೆಗೆದುಕೊಂಡು ರಿಟರ್ನ್ ತಯಾರಿಸುವವರಿಗೆ ಐಆರ್‌ಎಸ್‌ನ ಪಿಟಿಐಎನ್ ಎಂಬ ನೋಂದಣಿ ನಂಬರ್ ಇರಲೇಬೇಕು. ಅದನ್ನು ಕೇಳಿ. ಹಾಗೆಯೇ ಶಾಲೆ, ದಂತ ವೈದ್ಯರು, ಈಜಿನ ಕ್ಲಾಸು ಕೊಡುವ ಫಾರ್ಮ್‌ನಲ್ಲಿ ಎಸ್‌ಎಸ್‌ಎನ್ ಜಾಗ ಖಾಲಿ ಬಿಟ್ಟು ಕೊಡಿ. ಬಹಳ ಕಡೆ ಯಾರೂ ಕೇಳುವುದೇ ಇಲ್ಲ. ಸಾರ್ವಜನಿಕ ಶಾಲೆಗಳು ನಂಬರ್ ಕೊಡಲಿಲ್ಲ ಎಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಟೆಕ್ಸಸ್‌ನಲ್ಲಿ ಅದರ ಬದಲು ರಾಜ್ಯದ ಒಂದು ಪರ್ಯಾಯ ನಂಬರ್ ಕೊಡುತ್ತಾರೆ.

ನಿಮ್ಮ ಮಗನ ವಿಷಯ ಸರಳ. ಎಚ್-4ನಲ್ಲಿರುವ ಮಕ್ಕಳಿಗೆ ಸಾಮಾನ್ಯವಾಗಿ ಎಸ್‌ಎಸ್‌ಎನ್ ಇರುವುದಿಲ್ಲ. ಟ್ಯಾಕ್ಸ್‌ಗೆಂದು ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ನಂಬರ್) ಮಾಡಿಸಿರಬಹುದು. ಸದ್ಯಕ್ಕೆ ಅವನಿಗೆ ಫ್ರೀಜ್‌ನ ಗಡಿಬಿಡಿ ಬೇಡ. ಗ್ರೀನ್ ಕಾರ್ಡ್ ಹಾದಿಯಲ್ಲಿ ಇಎಡಿಯೋ (ಕೆಲಸದ ಪರವಾನಗಿ) ಗ್ರೀನ್ ಕಾರ್ಡೇ ಬಂದೋ ಎಸ್‌ಎಸ್‌ಎನ್ ಸಿಕ್ಕಿದಾಗ ಮಾಡಿಸಿ. ಅಷ್ಟರಲ್ಲಿ 16 ತುಂಬಿದ್ದರೆ ನಿಮ್ಮ ಸಹಿ ನಡೆಯುವುದಿಲ್ಲ, ಅವನೇ ಕೇಳಬೇಕು.

ಪುಕ್ಕಟೆ ಮಾನಿಟರಿಂಗ್ ಕೋಡ್ ಬಳಸುವುದಾದರೆ ಬಳಸಿ. ನಷ್ಟವಿಲ್ಲ. ಆದರೆ ಅದು ಕಳ್ಳ ಬಂದು ಹೋದ ಮೇಲೆ ತಿಳಿಸುತ್ತದೆ, ತಡೆಯುವುದಿಲ್ಲ. ಎರಡು ವರ್ಷದ ಅವಧಿ ಮುಗಿದಾಗ ನಿಮ್ಮ ಮಗಳಿಗೆ 10 ವರ್ಷ. ಕದ್ದ ನಂಬರ್‌ಗೆ ಅವಧಿ ಎಂಬುದಿಲ್ಲ. ತಿಂಗಳಿಗೆ ಇಷ್ಟು ಡಾಲರ್ ಎಂದು ಇದೇ ಸೇವೆಯನ್ನು ದುಡ್ಡು ಕೊಟ್ಟು ಮುಂದುವರಿಸಬೇಕಾ ಎಂದು ಕೇಳಿದರೆ, ಬೇಡ ಅನ್ನುತ್ತೇನೆ. ಕ್ರೆಡಿಟ್ ಕಂಪನಿಗಳು ಲಾಕ್ ಎಂಬ ಹೆಸರಿನಲ್ಲೂ ಒಂದು ಸೇವೆ ಕೊಡುತ್ತವೆ. ಫ್ರೀಜ್ ಕಾನೂನು ಕೊಟ್ಟ ಹಕ್ಕು. ಲಾಕ್ ಕಂಪನಿಯ ಷರತ್ತಿಗೆ ನೀವು ಒಪ್ಪಿ ಪಡೆಯುವ ಸರಕು. ಎರಡೂ ಒಂದೇ ಎನ್ನುವ ಹಾಗೆ ಮಾತಾಡುತ್ತಾರೆ, ನೀವು ಫ್ರೀಜ್ ಎಂದೇ ಕೇಳಿ.

ಕಾಲೇಜು ಸಾಲದ ಚಿಂತೆ ಬಿಡಿ. ಪದವಿ ಓದುವ ಮಕ್ಕಳಿಗೆ ಫೆಡರಲ್ ಸರ್ಕಾರ ನೇರವಾಗಿ ಕೊಡುವ ಸಾಲಕ್ಕೆ ಅವರ ಕ್ರೆಡಿಟ್ ನೋಡುವುದೇ ಇಲ್ಲ. ಅಪ್ಪ ಅಮ್ಮ ತೆಗೆಯುವ ಪ್ಲಸ್ ಸಾಲಕ್ಕೆ ನಿಮ್ಮದನ್ನು ನೋಡುತ್ತಾರೆ, ಅವಳದನ್ನಲ್ಲ. ಖಾಸಗಿ ಬ್ಯಾಂಕಿನ ಸಾಲ, ಮೊದಲ ಕಾರ್ಡ್, ಬಾಡಿಗೆ ಮನೆ, ಕಾರು, ಇವಕ್ಕೆ ಮಾತ್ರ ಆಗ ಫ್ರೀಜ್ ತೆಗೆಸಬೇಕು. ದೊಡ್ಡವರು ಆನ್‌ಲೈನ್ ಅಥವಾ ಫೋನಿನಲ್ಲಿ ಕೇಳಿದರೆ ಒಂದು ಗಂಟೆಯೊಳಗೆ ತೆಗೆಯಬೇಕೆಂಬ ನಿಯಮ ಇದೆ. ಆದರೆ ಮಗುವಾಗಿದ್ದಾಗ ಅಂಚೆಯಲ್ಲಿ ಹಾಕಿಸಿದ ಫ್ರೀಜ್ ಅನ್ನು ಮೊದಲ ಸಲ ಅವಳ ಕೈಗೆ ವರ್ಗಾಯಿಸಲು ಮತ್ತೆ ಕಾಗದ ಪತ್ರ ಕೇಳಬಹುದು. 17 ಆದಾಗಲೇ ಶುರು ಮಾಡಿ, ಕಾಲೇಜಿಗೆ ಹೊರಡುವ ಆಗಸ್ಟ್ ತಿಂಗಳಲ್ಲಿ ಅಲ್ಲ. ನಡುವಿನ ವರ್ಷಗಳಲ್ಲಿ ಅವಳ ಬ್ಯಾಂಕ್ ಖಾತೆ, 529 (ಕಾಲೇಜಿಗೆಂದು ಕೂಡಿಡುವ) ಉಳಿತಾಯ, ಪಾಸ್‌ಪೋರ್ಟ್, ಒಸಿಐ ಯಾವುದಕ್ಕೂ ಫ್ರೀಜ್ ಅಡ್ಡ ಬರುವುದಿಲ್ಲ.

ವಾಪಸ್ ಹೋಗುವುದಾದರೆ ಬೇಡವೇ ಎಂದು ಕೇಳಿದ್ದೀರಿ. ಹಾಗಿದ್ದರೆ ಇನ್ನೂ ಬೇಗ ಮಾಡಿ. ಬೆಂಗಳೂರಿಗೆ ಹೋದರೂ ಅವಳು ಅಮೆರಿಕದ ಪ್ರಜೆ, ನಂಬರ್ ಬದುಕಿರುವವರೆಗೂ ಅವಳದೇ. ಅಲ್ಲಿ ಕೂತು ನೀವು ಇಲ್ಲಿನ ಅಂಚೆ ನೋಡುವುದಿಲ್ಲ, ವಸೂಲಿಯವರ ಫೋನ್ ನಿಮಗೆ ಬರುವುದಿಲ್ಲ. ಯಾರೂ ನೋಡದ ನಂಬರ್ ಎಂದರೆ ಅದೇ. ಇವತ್ತು ನಿಮ್ಮ ಕೈಯಲ್ಲಿ ಟೆಕ್ಸಸ್ ಲೈಸೆನ್ಸ್ ಇದೆ, ಫ್ರಿಸ್ಕೊ ವಿಳಾಸದ ಕರೆಂಟ್ ಬಿಲ್ ಇದೆ. ಮನೆ ಖಾಲಿ ಮಾಡಿದ ಮೇಲೆ ಇವೆರಡನ್ನೂ ಹೊಂದಿಸುವುದು ಕಷ್ಟ. ಮೂರೂ ಕಂಪನಿಯ ಉತ್ತರ ನಿಮ್ಮ ಕೈಗೆ ಬಂದ ಮೇಲೆಯೇ ವಿಳಾಸ ಬದಲಿಸಿ. ಮಗಳ ಐಪಿ ಪಿನ್ ಅಂಚೆಯಲ್ಲಿ ಬರುವುದಾದ್ದರಿಂದ ಐಆರ್‌ಎಸ್‌ಗೆ ಕೊಟ್ಟ ವಿಳಾಸವನ್ನೂ ಆಗ ಸರಿಪಡಿಸಿ. ಆ ಮೂರು ಕಾಗದಗಳ ಸ್ಕ್ಯಾನ್ ಒಂದು ನಿಮ್ಮ ಬಳಿ, ಇನ್ನೊಂದು ಯಜಮಾನರ ಬಳಿ ಇರಲಿ.